ಆಲ್ಟ್ ಒತ್ತಿದರಷ್ಟೇ ನಿದ್ದೆ

2011ರ ಏಪ್ರಿಲ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪಿನ 3ನೇ ಆವೃತ್ತಿ ಬಂದಾಗ ಲಿನಕ್ಸ್ ಬಳಕೆದಾರರು ಹುಡುಕಾಡಿದ್ದು ಕಂಪ್ಯೂಟರ್ ಆರಿಸುವ ದಾರಿಯನ್ನು. ಮೆನುವಿನಲ್ಲಿ ಸಸ್ಪೆಂಡ್ ಮಾತ್ರ ಕಾಣುತ್ತಿತ್ತು. ಪವರ್ ಆಫ್ ಬೇಕೆಂದರೆ ಆಲ್ಟ್ ಕೀ ಒತ್ತಿ ಹಿಡಿಯಬೇಕು. ಗದ್ದಲವೆದ್ದಿತು, 2012ರ 3.6ರಲ್ಲಿ ಪವರ್ ಆಫ್ ಮರಳಿತು. 2013ರ 3.10ರ ಹೊಸ ಮೆನು ಬರುವ ಹೊತ್ತಿಗೆ ಪಾತ್ರಗಳು ಅದಲುಬದಲಾಗಿದ್ದವು: ಪವರ್ ಆಫ್ ಕಣ್ಣೆದುರು, ಸಸ್ಪೆಂಡ್ ಆಲ್ಟ್‌ನ ಮರೆಯಲ್ಲಿ. ಅದು ಮತ್ತೆ ಮೆನುವಿನಲ್ಲಿ ಸ್ವಂತ ಸಾಲು ಪಡೆದದ್ದು 2020ರ ಮಾರ್ಚಿನ 3.36ರಲ್ಲಿ.

ಉಬುಂಟು ಬಳಸುವವರಿಗೆ ಈ ಬಿಸಿ ತಡವಾಗಿ ತಟ್ಟಿತು. ಅವರಿಗೆ ಯೂನಿಟಿ ಎಂಬ ಬೇರೆ ಡೆಸ್ಕ್‌ಟಾಪ್ ಇತ್ತು, ಅದರ ಮೆನುವಿನಲ್ಲಿ ಸಸ್ಪೆಂಡ್ ನೇರವಾಗಿ ಸಿಗುತ್ತಿತ್ತು. 2017ರ ಅಕ್ಟೋಬರ್‌ನ 17.10ರಲ್ಲಿ ಉಬುಂಟು ಗ್ನೋಮ್‌ಗೆ ಬದಲಾಯಿಸಿಕೊಂಡಾಗ ಆ ಸಾಲು ಮಾಯವಾಯಿತು. ವರ್ಷಗಟ್ಟಲೆ ನೆಚ್ಚಿಕೊಳ್ಳುವ 18.04 ಆವೃತ್ತಿಯಲ್ಲೂ ಅದೇ ಕಥೆ.

ವಿನ್ಯಾಸಕಾರರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಯಂತ್ರ ತಾನೇ ಮಲಗುತ್ತದೆ, ಮತ್ತೆ ಗುಂಡಿ ಯಾಕೆ? ಆದರೆ ಹೊರಗಿನ ಪರದೆಯೊಂದು ಜೋಡಣೆಯಾಗಿದ್ದರೆ ಮುಚ್ಚಳ ಮುಚ್ಚಿದರೂ ಯಂತ್ರ ಮಲಗುವುದಿಲ್ಲ. ಅದೂ ಬೇಕೆಂದೇ ಮಾಡಿದ ಏರ್ಪಾಡು. ದೇವದುರ್ಗದ ಕಾಲೇಜೊಂದರಲ್ಲಿ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಹಚ್ಚಿ ಪಾಠ ಮಾಡುವ ಮೇಷ್ಟ್ರನ್ನು ಊಹಿಸಿಕೊಳ್ಳಿ. ಗಂಟೆ ಹೊಡೆಯಿತೆಂದು ಮುಚ್ಚಳ ಮುಚ್ಚಿ ಚಹಾಕ್ಕೆ ಹೋಗುತ್ತಾರೆ. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಯಂತ್ರ ಒಳಗೇ ಕಾಯುತ್ತಾ, ಬ್ಯಾಟರಿ ತಿನ್ನುತ್ತಾ ಎಚ್ಚರವಾಗಿರುತ್ತದೆ. ಇಂಥ ಹೊತ್ತಿಗೆಂದೇ ಗುಂಡಿ ಬೇಕಿತ್ತು. ಆಲ್ಟ್‌ನ ಗುಟ್ಟನ್ನು ಪರದೆ ಎಲ್ಲೂ ಹೇಳುತ್ತಿರಲಿಲ್ಲ. ಯಾರಾದರೂ ಬಲ್ಲವರು ಕಿವಿಯಲ್ಲಿ ಊದಬೇಕು. ಒಂದು ಸೌಲಭ್ಯವನ್ನು ತೆಗೆದುಹಾಕಿದ್ದರೆ ಜನ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಇಟ್ಟೂ ಬಚ್ಚಿಟ್ಟದ್ದು ಅದಕ್ಕಿಂತ ಕೆಟ್ಟ ವಿನ್ಯಾಸ.

ಈ ಜಗಳದ ಗದ್ದಲದಲ್ಲಿ ಇದಕ್ಕಿಂತ ದೊಡ್ಡ ಕೊರತೆಯೊಂದು ಹಿಂದೆ ಸರಿಯಿತು. ಅದು ಹೈಬರ್ನೇಟ್.

ಸಸ್ಪೆಂಡ್ ಆದ ಯಂತ್ರ ತೆರೆದ ಕೆಲಸವನ್ನೆಲ್ಲ ರ್‍ಯಾಮ್‌ನಲ್ಲಿ ಹಿಡಿದಿಟ್ಟಿರುತ್ತದೆ. ಅದಕ್ಕೆ ಸ್ವಲ್ಪವಾದರೂ ಕರೆಂಟ್ ಹರಿಯುತ್ತಲೇ ಇರಬೇಕು. ಹೈಬರ್ನೇಟ್ ಮಾಡಿದರೆ ಅದೆಲ್ಲ ಡಿಸ್ಕಿಗೆ ಇಳಿಯುತ್ತದೆ, ಆಮೇಲೆ ಪ್ಲಗ್ ಕಿತ್ತರೂ ಚಿಂತೆಯಿಲ್ಲ. ರಾಯಚೂರು ನಗರದ ಹೊರಗೆ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿದೆ. ಹಾಗಂತ ಜಿಲ್ಲೆಯ ಮನೆಗಳಲ್ಲಿ ಕರೆಂಟ್ ಹೋಗುವುದಿಲ್ಲವೇ? ಮಾನ್ವಿಯಲ್ಲಿ ಬ್ಯಾಟರಿ ಸತ್ತ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಸದಾ ಪ್ಲಗ್‌ಗೆ ಸಿಕ್ಕಿಸಿಕೊಂಡೇ ಬಳಸುವವರಿಗೆ ಸಸ್ಪೆಂಡ್ ವರವಲ್ಲ. ನಿದ್ದೆಯಲ್ಲಿದ್ದ ಯಂತ್ರಕ್ಕೆ ಕರೆಂಟ್ ಹೋದರೆ ಸೇವ್ ಮಾಡದ ಪ್ರಾಜೆಕ್ಟ್ ವರದಿಯೂ ಹೋಯಿತು. ಆ ಲೆಕ್ಕದಲ್ಲಿ ಸಸ್ಪೆಂಡನ್ನೇ ಮುಂದಿಟ್ಟು ಪವರ್ ಆಫ್ ಮುಚ್ಚಿಟ್ಟ 2011ರ ಆಯ್ಕೆ, ಸದಾ ಕರೆಂಟ್ ಇರುವ ಊರಿನವರು ಮಾಡಿದ ಆಯ್ಕೆ.

ಹೈಬರ್ನೇಟ್ ದೂರವಿಡಲು ಕಾರಣವೂ ಇದೆ. ಹಲವು ಯಂತ್ರಗಳು ಅದರಿಂದ ಸರಿಯಾಗಿ ಏಳುತ್ತಿರಲಿಲ್ಲ, ಉಬುಂಟು 12.04ರಲ್ಲಿ ಅದನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿದ್ದು ಅದಕ್ಕೇ. ವಿಂಡೋಸ್ 8 ಕೂಡ ಅದನ್ನು ಮೆನುವಿನಿಂದ ಕೆಳಗಿಳಿಸಿತು. ಆದರೆ ಅಲ್ಲಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ವಾಪಸ್ ಬರುತ್ತದೆ. ಗ್ನೋಮ್‌ನಲ್ಲಿ ಸ್ವಾಪ್ ಎಷ್ಟಿದೆ ನೋಡಬೇಕು, ಬೂಟ್ ಸಂರಚನೆ ತಿದ್ದಬೇಕು, ಬಳಿಕ ಟರ್ಮಿನಲ್‌ನಲ್ಲಿ ಆಜ್ಞೆ ಕೊಡಬೇಕು ಇಲ್ಲವೇ ಹೊರಗಿನವರು ಬರೆದ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. ಹೊಸಬನೊಬ್ಬ ಇಷ್ಟೆಲ್ಲ ಮಾಡುವನೆಂದು ನಂಬಲಾಗದು.

ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇಯ ಲಾಗ್ ಔಟ್ ಕಿಟಕಿ ಸಸ್ಪೆಂಡ್, ರೀಸ್ಟಾರ್ಟ್, ಶಟ್ ಡೌನ್‌ಗಳನ್ನು ಸಾಲಾಗಿ ತೋರಿಸುತ್ತದೆ. ಯಂತ್ರಕ್ಕೆ ಸಾಧ್ಯವಿದ್ದರೆ ಹೈಬರ್ನೇಟ್ ಕೂಡ ಅಲ್ಲೇ. ಅಷ್ಟು ಗುಂಡಿ ಕಂಡು ಗಾಬರಿಯಾಗಿ ಯಾರೂ ಲಿನಕ್ಸ್ ಬಿಟ್ಟಂತಿಲ್ಲ. 2022ರ ಗ್ನೋಮ್ 43ರಲ್ಲಿ ಮೆನುವನ್ನು ಮತ್ತೆ ಹೊಸದಾಗಿ ಕಟ್ಟಿದರು. ಪವರ್ ಚಿಹ್ನೆ ಒತ್ತಿದರೆ ಸಸ್ಪೆಂಡ್ ಈಗ ಪಟ್ಟಿಯ ಮೊದಲಲ್ಲೇ ಸಿಗುತ್ತದೆ. ಹೈಬರ್ನೇಟ್‌ಗೆ ಆ ಪಟ್ಟಿಯಲ್ಲೂ ಜಾಗ ಸಿಗಲಿಲ್ಲ.