ಒರಳುಕಲ್ಲಿಗೆ ಪಾಲಿಶ್ ಬೇಡ

ಬೆಂಗಳೂರಿನ ಹೊಸ ಕೆಫೆಗಳಲ್ಲಿ ಯಾವುದೋ ತೊಟ್ಟಿಮನೆಯ ಬಾಗಿಲು ಗಾಜು ಹೊದ್ದು ಮೇಜಾಗಿರುತ್ತದೆ. ಬಚ್ಚಲ ಹಂಡೆಯಲ್ಲಿ ಗಿಡ ನೆಟ್ಟಿರುತ್ತಾರೆ. ವಾರ್ನಿಷ್ ಹೊಡೆದ ಹಳೆತನಕ್ಕೆ ಈಗ ಒಳ್ಳೆಯ ಬೆಲೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಕೂಡ ಎತ್ತಿಕೊಳ್ಳುವುದು ಇದೇ ಊರು ಬಿಸಾಡಿದ್ದನ್ನು. ಆದರೆ ಅವರ ಕೈಗೆ ಬಂದ ವಸ್ತು ತುಕ್ಕು, ಜಿಡ್ಡು, ತಗ್ಗುಗಳ ಸಮೇತ ಗ್ಯಾಲರಿಗೆ ಹೋಗುತ್ತದೆ.

ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಎಂದು ಅವರು ಕಲಿತದ್ದು ಚಿತ್ರಕಲೆ. 1990ರ ದಶಕದಲ್ಲಿ ಕ್ಯಾನ್ವಾಸಿನಿಂದ ಸಗಣಿ, ಕುಂಕುಮ, ಸೂಜಿದಾರಗಳ ಕಡೆಗೆ ಹೊರಳಿದರು. ಗುಜರಿಯ ಸರದಿ ಬಂದದ್ದು ಆಮೇಲೆ.

2006ರ ‘ಡಾರ್ಕ್‌ರೂಮ್’ ನೋಡಿ. ರಸ್ತೆ ಕೆಲಸದವರು ಖಾಲಿ ಡಾಂಬರು ಡ್ರಮ್ಮು ಸೀಳಿ, ತಟ್ಟಿ, ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಶೀಲಾ ಅದೇ ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿ ಅರಮನೆಯ ಕಂಬಸಾಲು ಮಾಡಿದರು, ಅದೇ ತಗಡಿನಿಂದ ಕೋಣೆ ಮುಚ್ಚಿದರು. ಬಗ್ಗಿ ಒಳಗೆ ಹೋದರೆ ಗವ್ವೆನ್ನುವ ಕತ್ತಲು. ಸೂರಿನ ಸಣ್ಣ ತೂತುಗಳಿಂದ ಇಳಿಯುವ ಬೆಳಕು ಥೇಟ್ ನಕ್ಷತ್ರ. ಬಡತನವನ್ನು ಚಂದಗಾಣಿಸಿದರು ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ ನಿಜ. ಆದರೆ ತಲೆಗೆ ತಾಗುವ ತಗಡಿನ ಇಕ್ಕಟ್ಟು ಆ ನಕ್ಷತ್ರಗಳನ್ನು ನೆಮ್ಮದಿಯಿಂದ ನೋಡಲು ಬಿಡುವುದಿಲ್ಲ. ಕೃತಿ ಉಳಿಯುವುದು ಆ ಇಕ್ಕಟ್ಟಿನಿಂದಲೇ.

ಕನ್ನಡದ ನೋಡುಗರಿಗೆ ಹೆಚ್ಚು ನಾಟುವುದು ‘ಸ್ಟಾಪ್‌ಓವರ್’. ಮಿಕ್ಸಿ, ಗ್ರೈಂಡರು ಬಂದ ಮೇಲೆ ಅಡುಗೆಮನೆಯ ಒರಳು ಮೂಲೆ ಸೇರಿತು. ಹಳೇ ಮನೆ ಕೆಡವಿದಾಗ ಬೀದಿಗೂ ಬಂತು. ಮದುವೆಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡ ಕಲ್ಲನ್ನು ಒಡೆಯಲು ಯಾರಿಗೂ ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಹಾಗೆ ಬೆಂಗಳೂರಿನ ರಸ್ತೆ ಬದಿಯಲ್ಲಿ ಅನಾಥವಾಗಿದ್ದ ಒರಳುಗಳನ್ನು ಶೀಲಾ ಮತ್ತು ಕಲಾವಿದ ಕ್ರಿಸ್ಟಫ್ ಸ್ಟೋರ್ಜ್ ಕಲೆಹಾಕಿ, 2012ರ ಮೊದಲ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಸಾಗಿಸಿದರು. ಒಂದೆರಡಲ್ಲ, ನೂರೈವತ್ತಕ್ಕೂ ಮೇಲೆ. ಇಟ್ಟದ್ದು ಆಸ್ಪಿನ್‌ವಾಲ್ ಹೌಸ್‌ನಲ್ಲಿ, ಅಂದರೆ ಒಂದು ಕಾಲದಲ್ಲಿ ಸಾಂಬಾರ ಪದಾರ್ಥದ ವಹಿವಾಟು ನಡೆದ ಕಟ್ಟಡದಲ್ಲಿ. ಮೆಣಸು ಅರೆದ ಕಲ್ಲು ಮೆಣಸು ಮಾರಿದ ಬಂದರಿಗೆ ಬಂದಂತಾಯಿತು. ಒಂದೊಂದು ಒರಳಿನ ಗುಳಿಯೂ ಬೇರೆ ಬೇರೆ. ಕೆಲವು ಇನ್ನೂ ಒರಟು, ಕೆಲವು ರುಬ್ಬಿ ರುಬ್ಬಿ ನುಣುಪು. ಆ ನುಣುಪು ಎಷ್ಟು ಹೆಂಗಸರ ರಟ್ಟೆಯ ಲೆಕ್ಕ ಎಂದು ಯಾವ ಫಲಕವೂ ಹೇಳಬೇಕಿಲ್ಲ.

ಎಲ್ಲ ಕೃತಿಗಳೂ ಹೀಗೆ ತಾವೇ ಮಾತಾಡುವುದಿಲ್ಲ. 2009ರ ವೆನಿಸ್ ಬಿಯೆನಾಲೆಯಲ್ಲಿದ್ದ ‘ಬಿಹೋಲ್ಡ್’ನಲ್ಲಿ ಕಿಲೋಮೀಟರುಗಟ್ಟಲೆ ಕೂದಲ ಹಗ್ಗ ಕಾರಿನ ಬಂಪರುಗಳನ್ನು ಎತ್ತಿ ಹಿಡಿದಿದೆ. ಮುಡಿ ಕೊಟ್ಟ ಉದ್ದ ಕೂದಲು ವಿಗ್ ವ್ಯಾಪಾರಕ್ಕೆ ಹೋಗುತ್ತದೆ. ಉಳಿದ ಗಿಡ್ಡ ಕೂದಲನ್ನು ಹಗ್ಗ ಹೊಸೆದು ದೃಷ್ಟಿಯಾಗದಿರಲೆಂದು ಗಾಡಿಗೆ ಕಟ್ಟುತ್ತಾರೆ. ಇದು ಗೊತ್ತಿದ್ದವರಿಗೆ ಕೃತಿಯಲ್ಲಿ ಭಯವೂ ಕಾಣುತ್ತದೆ, ತುಸು ನಗುವೂ ಬರುತ್ತದೆ. ಗೊತ್ತಿಲ್ಲದವರಿಗೆ ಬಿಳಿ ಗೋಡೆಯ ಮೇಲಿನ ಕಪ್ಪು ಸುರುಳಿಗಳ ಸೊಗಸಷ್ಟೇ ದಕ್ಕುತ್ತದೆ.

2011ರ ‘ಆಫ್ ಆಲ್ ಪೀಪಲ್’ ಇವುಗಳ ಮುಂದೆ ಸಪ್ಪೆ. ಹಳೇ ಕಿಟಕಿ ಬಾಗಿಲುಗಳ ನಡುವೆ ಸಾವಿರಾರು ಪುಟ್ಟ ಮರದ ಹರಕೆ ಬೊಂಬೆಗಳನ್ನು ಹರಡಿದ ಈ ಕೃತಿಯಲ್ಲಿ ತಿಳಿಬಣ್ಣ ಬಳಿದ ಚೌಕಟ್ಟುಗಳು ರಂಗಸಜ್ಜಿಕೆಯಂತೆ ಕಾಣುತ್ತವೆ. ಬಣ್ಣ ಬಿದ್ದಲ್ಲಿ ಮರ ತನ್ನ ಕಥೆ ನಿಲ್ಲಿಸಿಬಿಡುತ್ತದೆ.

‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ‘ಸ್ಟಾಪ್‌ಓವರ್’ನ ಒರಳುಗಳಿಗಾದರೂ ಬೆಂಗಳೂರಿನ ಯಾವುದಾದರೊಂದು ಮ್ಯೂಸಿಯಂ ಕಾಯಂ ಜಾಗ ಕೊಡಲಿ, ಶಾಲೆ ಮಕ್ಕಳು ಮುಟ್ಟಿ ನೋಡುವಂತೆ, ಗಾಜಿನ ಪೆಟ್ಟಿಗೆಯಿಲ್ಲದೆ.