ಮೊದಲ ಹೆಜ್ಜೆಯ ಲೆಕ್ಕ ಬರೆದವರು

ಕೊಪ್ಪದಲ್ಲಿ ಮೈಸೂರು–ಮಡಿಕೇರಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮುಸುಕಿನ ಜೋಳದ ಹೊಲಗಳ ನಡುವೆ ಬೈಲುಕುಪ್ಪೆಯ ಟಿಬೆಟನ್ ಶಿಬಿರಗಳು ಎದುರಾಗುತ್ತವೆ. ಅಲ್ಲಿಯವರ ಭಾಷೆಯಲ್ಲಿ ಜಗತ್ತಿನ ಅತಿ ಎತ್ತರದ ಪರ್ವತದ ಹೆಸರು ಎವರೆಸ್ಟ್ ಅಲ್ಲ, ಚೊಮೊಲುಂಗ್ಮ. 1733ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಭೂಪಟದಲ್ಲೂ ಈ ಹೆಸರಿನ ಒಂದು ರೂಪವಿತ್ತು. ಆದರೂ 1856ರಲ್ಲಿ ಅದರ ಎತ್ತರವನ್ನು 29,002 ಅಡಿ ಎಂದು ಸಾರಿದ ಸರ್ವೇಯರ್ ಆಂಡ್ರೂ ವಾ, ಸ್ಥಳೀಯ ಹೆಸರು ಸಿಗಲಿಲ್ಲವೆಂದು ತನ್ನ ಹಿಂದಿನ ಅಧಿಕಾರಿಯ ಹೆಸರನ್ನೇ ಸೂಚಿಸಿದ. ಆ ಅಧಿಕಾರಿ ಜಾರ್ಜ್ ಎವರೆಸ್ಟ್‌ಗೇ ಇದು ಒಪ್ಪಿಗೆಯಾಗಿರಲಿಲ್ಲ. ತನ್ನ ಹೆಸರನ್ನು ಪಾರ್ಸಿಯಲ್ಲಾಗಲಿ ಹಿಂದಿಯಲ್ಲಾಗಲಿ ಬರೆಯಲು ಬರುವುದಿಲ್ಲ ಎಂಬುದು ಆತನ ತಕರಾರು.

ಈ ಅಳತೆಯ ಸರಪಳಿ ಶುರುವಾದದ್ದು ನಮ್ಮ ನೆಲದಲ್ಲೇ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಿರುದ್ಧ ಕಾದಾಡಿದ ವಿಲಿಯಂ ಲ್ಯಾಂಬ್ಟನ್, ಮರುವರ್ಷವೇ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆ ಅಳೆದ. ಎವರೆಸ್ಟ್ ಆತನಿಗೆ ಸಹಾಯಕನಾಗಿ ಬಂದವನು.

ಹೆಸರಿನ ಕತೆ ಹೀಗಾದರೆ, ಏರಿದ ಕತೆ ಇನ್ನೂ ಸಿಕ್ಕಿನದು. 1953ರ ಮೇ 29ರಂದು ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ತುದಿ ಮುಟ್ಟಿದರು. ಆ ವರ್ಷವೇ ಬಂದ ಜಾನ್ ಹಂಟ್ ಅವರ ‘ದಿ ಅಸೆಂಟ್ ಆಫ್ ಎವರೆಸ್ಟ್’ ಪುಸ್ತಕದಲ್ಲಿ ಶಿಖರದ ಅಧ್ಯಾಯ ಬರೆದದ್ದು ಹಿಲರಿ. ತುದಿಗೆ ಮುನ್ನ ಸಿಗುವ ಬಂಡೆಯ ಮೇಲೆ ಬಂದ ತೇನ್‌ಸಿಂಗ್ ಅವರನ್ನು ಅಲ್ಲಿ ಸಮುದ್ರದಿಂದ ಎಳೆದು ಹಾಕಿದ ದೊಡ್ಡ ಮೀನಿಗೆ ಹೋಲಿಸಲಾಗಿದೆ. ಬರೆದವನಿಗೆ ಇದೊಂದು ಲಘು ಮಾತು. 1935ರಿಂದ ಆ ಪರ್ವತಕ್ಕೆ ಹೊರೆ ಹೊತ್ತವರಿಗೆ, 1952ರಲ್ಲಿ ಸ್ವಿಸ್ ರೇಮಂಡ್ ಲ್ಯಾಂಬರ್ಟ್ ಜೊತೆ ಸುಮಾರು 28,200 ಅಡಿ ತಲುಪಿ ಹಿಂದಿರುಗಿದವರಿಗೆ ಅದು ಲಘುವಾಗಿ ಕೇಳಿಸೀತೆ?

ತೇನ್‌ಸಿಂಗ್ ಉತ್ತರ 1955ರಲ್ಲಿ ‘ಮ್ಯಾನ್ ಆಫ್ ಎವರೆಸ್ಟ್’ ಪುಸ್ತಕದಲ್ಲಿ ಬಂತು. ಹಲವು ಭಾಷೆ ಮಾತಾಡಬಲ್ಲ, ಬರೆಯಲು ಬಾರದ ಅವರು ಹೇಳಿದ್ದನ್ನು ಅಮೆರಿಕದ ಕಾದಂಬರಿಕಾರ ಜೇಮ್ಸ್ ರ‍್ಯಾಮ್ಸೆ ಉಲ್‌ಮನ್ ಬರೆದರು. ನುಣುಪಾದ ಆ ಇಂಗ್ಲಿಷಿನಲ್ಲಿ ಮಾತಿನ ಒರಟು ಎಷ್ಟೋ ಸವೆದಿರಬೇಕು. ಆದರೂ ಅಲ್ಲಲ್ಲಿ ಅದು ಚುಚ್ಚುತ್ತದೆ. ಕಠ್ಮಂಡುವಿನಲ್ಲಿ ಸಾಹೇಬರು ಬ್ರಿಟಿಷ್ ರಾಯಭಾರ ಕಚೇರಿಯೊಳಗೆ ಉಳಿದಾಗ ಶೆರ್ಪಾಗಳನ್ನು ಶೌಚಾಲಯವಿಲ್ಲದ ಗ್ಯಾರೇಜಿನಲ್ಲಿ ಮಲಗಿಸಿದ್ದು ಅದರಲ್ಲಿದೆ. ಮೀನಿನ ಹೋಲಿಕೆಗೆ ಆಕ್ಷೇಪವಿದೆ. ಮಗಳು ಕೊಟ್ಟ ಪೆನ್ಸಿಲ್ಲನ್ನು ಸಿಹಿತಿಂಡಿಯ ಜೊತೆ ಹಿಮದಲ್ಲಿ ಹೂತ ಪ್ರಸಂಗವೂ ಇದೆ. ನನಗೆ ಇಡೀ ಪುಸ್ತಕದಲ್ಲಿ ಇದೇ ಹೆಚ್ಚು ಹಿಡಿಸಿದ್ದು.

ಇನ್ನು ‘ಮೊದಲು ಯಾರು’ ಎಂಬ ಪ್ರಶ್ನೆ. ಇದನ್ನು ಎಬ್ಬಿಸಿದ್ದು ಪರ್ವತವಲ್ಲ, ಕೆಳಗೆ ಕಾದಿದ್ದ ಜನ. ಇಲ್ಲಿ ನಮ್ಮ ಕಡೆಯವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ತೇನ್‌ಸಿಂಗ್ ತುದಿಯಲ್ಲಿ ನಿಂತು, ಸತ್ತಂತಿರುವ ಹಿಲರಿಯನ್ನು ಹಗ್ಗದಲ್ಲಿ ಎಳೆಯುವ ಚಿತ್ರಗಳನ್ನು ಕಠ್ಮಂಡುವಿನ ಬೀದಿಯಲ್ಲಿ ಹಿಡಿದು ಕುಣಿಯಲಾಯಿತು. ನೇಪಾಳ, ಭಾರತ ಎರಡೂ ಅವರನ್ನು ತಮ್ಮವರೆಂದು ಎಳೆದಾಡಿದವು. ಇಬ್ಬರೂ ಬಹುತೇಕ ಒಟ್ಟಿಗೇ ತಲುಪಿದೆವೆಂದು ಸಹಿ ಹಾಕಿ ತಪ್ಪಿಸಿಕೊಂಡರು. ಕೊನೆಗೆ ತಮ್ಮ ಪುಸ್ತಕದಲ್ಲಿ, ಮೊದಲ ಹೆಜ್ಜೆ ಹಿಲರಿಯದು, ಹಿಂದೆಯೇ ನನ್ನದು ಎಂದು ಹೇಳಿದವರು ತೇನ್‌ಸಿಂಗ್. ಆರಾಧಕರ ಸುಳ್ಳನ್ನು ತಾನೇ ಮುರಿಯುವ ಧೈರ್ಯ ಎಷ್ಟು ನಾಯಕರಿಗಿದೆ? ಇಷ್ಟಾಗಿಯೂ ಹಂಟ್ ಮತ್ತು ಹಿಲರಿಗೆ ‘ಸರ್’ ಪದವಿ, ತೇನ್‌ಸಿಂಗ್‌ಗೆ ಜಾರ್ಜ್ ಪದಕ.

ಟಿಬೆಟ್ಟಿನ ಬದಿಯಿಂದ ಮೊದಲು ಏರಿದ್ದು 1960ರ ಮೇ 25ರಂದು: ವಾಂಗ್ ಫುಝೌ, ಚು ಯಿನ್‌ಹುವಾ ಮತ್ತು ಗೊನ್ಪೊ. ಮೂರನೆಯವರು ಟಿಬೆಟನ್. ತಮ್ಮದೇ ಪರ್ವತವನ್ನು ಅವರು ಏರಿದ್ದು ಚೀನಾದ ಬಾವುಟದಡಿ. ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಊರು ಬಿಟ್ಟ ಸಾವಿರಾರು ಟಿಬೆಟನ್ನರು ಬೈಲುಕುಪ್ಪೆಯ ಕಾಡು ಕಡಿದು ಹೊಲ ಮಾಡುತ್ತಿದ್ದರು. ಗೊನ್ಪೊ ತಂಡ ತಲುಪಿದಾಗ ಇನ್ನೂ ಕತ್ತಲು, ತುದಿಯಲ್ಲಿ ಫೋಟೊ ಸಿಗಲಿಲ್ಲ. ಅದೇ ಕಾರಣ ಮುಂದಿಟ್ಟು ಪಶ್ಚಿಮದ ಅನೇಕ ಆರೋಹಿಗಳು ಬಹುಕಾಲ ಅದನ್ನು ನಂಬಲಿಲ್ಲ. ತುದಿಯ ಮೇಲೆ ನಿಂತ ಹಿಲರಿಯ ಫೋಟೊ ಕೂಡ ಇಲ್ಲ. ಇರುವುದು ಹಿಲರಿ ತೆಗೆದ ತೇನ್‌ಸಿಂಗ್ ಫೋಟೊ.