ಸಾಲಿನಲ್ಲಿ ಕಲಿತ ಪಾಠ

ಹೆಣ್ಣುಮಕ್ಕಳು ತಿರುಗುವ ಕುದುರೆ ಏರಿದಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕೂರಬೇಕಲ್ಲ ಎಂಬ ಕೊರಗಿನಿಂದಲೇ ವಾಲ್ಟ್ ಡಿಸ್ನಿಗೆ ಡಿಸ್ನಿಲ್ಯಾಂಡಿನ ಯೋಚನೆ ಹೊಳೆಯಿತಂತೆ. ಅದು ತೆರೆದದ್ದು 1955ರಲ್ಲಿ. ಯಲಹಂಕದಿಂದ ಇಡೀ ಊರು ದಾಟಿ, ಬಿಡದಿಯ ಬಳಿ 2005ರಲ್ಲಿ ಶುರುವಾದ ವಂಡರ್‌ಲಾಗೆ ರಜೆಯಲ್ಲಿ ಮಗುವನ್ನು ಕರೆದೊಯ್ಯುವ ತಾಯಿಗೆ ಸಿಗುವುದು ಬೆಂಚಲ್ಲ, ಸಾಲು.

ಸಾಲನ್ನು ನಾನು ದೂರುವುದಿಲ್ಲ. ಕಾಯುತ್ತ ಅಮ್ಮ ಕಥೆ ಹೇಳಬಹುದು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲೂ ನೂಕುನುಗ್ಗಲಿದೆ. ಅಲ್ಲಿ ಎಲ್ಲರಿಗೂ ಒಂದೇ ನೂಕು. ನನ್ನ ತಕರಾರು ಹೆಚ್ಚು ಹಣಕ್ಕೆ ಸಿಗುವ ಫಾಸ್ಟ್ ಟ್ರ್ಯಾಕ್ ಟಿಕೆಟ್ಟಿನ ಬಗ್ಗೆ. "ಅವರನ್ನು ಯಾಕಮ್ಮ ಮೊದಲು ಬಿಟ್ಟರು?" ಎಂದು ಮಗು ಕೇಳಿದರೆ, "ದುಡ್ಡು ಜಾಸ್ತಿ ಕೊಟ್ಟಿದ್ದಾರೆ, ಪುಟ್ಟಿ" ಎನ್ನಬೇಕು. ತರಗತಿಯಲ್ಲಿ ನಾವು ವರ್ಷಗಟ್ಟಲೆ ಕಲಿಸಿದ ಸರದಿಯ ಪಾಠ ಆ ಒಂದು ಮಾತಿಗೆ ಅಳಿಸಿಹೋಗುತ್ತದೆ.